ಗಾರ್ಡು ಕಾಯುವುದು ಬೈಕನ್ನು, ಮಗನನ್ನು ಕಾಯುವುದೇನು?



ಹತ್ತಿಯ ಗುಲಾಬಿ ಕಾಯಿಕೊರಕ, ದನದ ಕಾಲುಬಾಯಿ ಜ್ವರ, ಮಕ್ಕಳ ವಾಂತಿಭೇದಿ ಇಂಥ ವಿಷಯಗಳನ್ನು ಓದಲು ನೀವು ಈ ಪುಟ ತಿರುವುತ್ತೀರಿ. ಈ ಸಲ ಬೈಕಿನ ಬಗ್ಗೆ ಬರೆಯುತ್ತಿದ್ದೇವೆ. ಕಾರಣ ಸರಳ. ಇಂದು ರೈತನ ಮನೆಯಲ್ಲಿ ಎತ್ತಿಗಿಂತ ಹೆಚ್ಚು ದುಡಿಯುವುದು ಬೈಕು. ಗೊಬ್ಬರದ ಚೀಲ, ಹಾಲಿನ ಕ್ಯಾನು, ಔಷಧಿ ಹೊಡೆಯುವ ಪಂಪು ಎಲ್ಲವೂ ಅದರ ಮೇಲೆಯೇ ಹೋಗುತ್ತವೆ. ಎತ್ತು ಕಾಲು ಮುರಿದುಕೊಂಡರೆ ನಷ್ಟ. ಬೈಕು ಬಿದ್ದರೆ ಮನೆಯ ಮಗನೇ ಹೋಗಬಹುದು.

ಆದೋನಿ ಯಾರ್ಡಿಗೆ ಹತ್ತಿ ಹಾಕಿ ಕೈಯಲ್ಲಿ ನಾಲ್ಕು ಕಾಸು ಕಂಡ ವರ್ಷ ಮಗ ಕೇಳುವುದು ಈಗ ಅಪ್ಪ ಓಡಿಸಿದಂಥ ಗಾಡಿಯನ್ನಲ್ಲ. ಮುಂದಕ್ಕೆ ಬಾಗಿ ಕೂರುವ, ಮೈಗೆಲ್ಲ ಪ್ಲಾಸ್ಟಿಕ್ ಕವಚವಿರುವ ಚಿಕ್ಕ ಸ್ಪೋರ್ಟ್ಸ್ ಬೈಕು ಅವನಿಗೆ ಬೇಕು. 2008ರಲ್ಲಿ ಯಮಹಾ ಆರ್15, 2014ರಲ್ಲಿ ಕೆಟಿಎಂ ಆರ್‌ಸಿ 200 ನಮ್ಮ ದೇಶದ ಮಾರುಕಟ್ಟೆಗೆ ಬಂದ ಮೇಲೆ ಈ ಆಸೆ ಹಳ್ಳಿಗೂ ಮುಟ್ಟಿದೆ. ಲಕ್ಷಕ್ಕೂ ಮಿಕ್ಕಿ ಸುರಿದು ಗಾಡಿ ತಂದವನು ಮರುವಾರವೇ ಕ್ರ್ಯಾಶ್ ಗಾರ್ಡ್ ಹಾಕಿಸುತ್ತಾನೆ. "ಗಾರ್ಡ್ ಹಾಕಿಸಿದ್ದಾನೆ, ಇನ್ನು ಭಯವಿಲ್ಲ ಬಿಡಿ" ಎಂದು ತಂದೆತಾಯಿ ನೆಮ್ಮದಿಯಾಗುತ್ತಾರೆ. ಈ ನೆಮ್ಮದಿ ಸುಳ್ಳು ನೆಮ್ಮದಿ ಎಂಬುದು ನಮ್ಮ ಅಭಿಪ್ರಾಯ. ಗಾರ್ಡು ಬೇಡ ಎನ್ನುತ್ತಿಲ್ಲ. ಅದು ಏನನ್ನು ಕಾಯುತ್ತದೆ, ಏನನ್ನು ಕಾಯುವುದಿಲ್ಲ ಎಂಬುದನ್ನು ತಿಳಿದು ಹಾಕಿಸಬೇಕು.

ಗಾರ್ಡು ಮಾಡುವ ಕೆಲಸ

ಸಾಮಾನ್ಯ ಬೈಕಿಗೆ ಹಾಕುವ ಲೆಗ್ ಗಾರ್ಡ್ ನಮಗೆಲ್ಲ ಗೊತ್ತು. ಎಂಜಿನ್ನಿನ ಮುಂದೆ ಎರಡೂ ಕಡೆ ಚಾಚಿದ ಬಾಗಿದ ಪೈಪು ಅದು. ಪ್ಲಾಸ್ಟಿಕ್ ಕವಚವಿರುವ ಸ್ಪೋರ್ಟ್ಸ್ ಬೈಕಿಗೆ ಅಂಥ ಪೈಪು ಸರಿಯಾಗಿ ಕೂರುವುದು ಕಷ್ಟ. ಅದಕ್ಕೆ ಬದಲು ಗಟ್ಟಿ ನೈಲಾನ್ ಮಾದರಿಯ ಎರಡು ಗುಂಡುಗಳನ್ನು ಎಂಜಿನ್ ಬೋಲ್ಟಿನ ಜಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಕೂರಿಸುತ್ತಾರೆ. ಇದಕ್ಕೆ ಫ್ರೇಮ್ ಸ್ಲೈಡರ್ ಎಂದು ಹೆಸರು. ಗಾಡಿ ಪಕ್ಕಕ್ಕೆ ಬಿದ್ದು ಜಾರಿದಾಗ ನೆಲಕ್ಕೆ ಮೊದಲು ತಾಗುವುದು ಈ ಗುಂಡು. ಅದು ತಾನು ಸವೆದು ಕವಚವನ್ನೂ ಎಂಜಿನ್ನಿನ ಹೊರಚಿಪ್ಪನ್ನೂ ಉಳಿಸುತ್ತದೆ.

ಟ್ರ್ಯಾಕ್ಟರಿಗೆ ರೊಟೋವೇಟರ್ ಕಟ್ಟುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೊಲದಲ್ಲಿ ಕಲ್ಲು ಸಿಕ್ಕರೆ ಶಿಯರ್ ಬೋಲ್ಟು ತುಂಡಾಗಿ ಗೇರ್ ಬಾಕ್ಸು ಉಳಿಯುತ್ತದೆ. ಪದೇ ಪದೇ ತುಂಡಾಗುತ್ತದೆಂದು ಬೇಸತ್ತು ಗಟ್ಟಿ ಬೋಲ್ಟು ಹಾಕಿದವನು ಒಂದು ದಿನ ಗೇರ್ ಬಾಕ್ಸಿಗೇ ಹಣ ಕಟ್ಟುತ್ತಾನೆ. ಅಗ್ಗದ ವಸ್ತು ಹೋಗಿ ದುಬಾರಿಯದು ಉಳಿಯಲಿ ಎಂಬುದೇ ಇಲ್ಲಿಯೂ ಲೆಕ್ಕ. ಸ್ಲೈಡರ್ ತೀರ ಉದ್ದವಾಗಿ ಹೊರಚಾಚಿದ್ದರೆ, ಅಥವಾ ಒಂದೇ ಬೋಲ್ಟಿನ ಮೇಲೆ ನೇತಾಡುತ್ತಿದ್ದರೆ, ಬಿದ್ದ ಏಟು ನೇರವಾಗಿ ಚಾಸಿಗೂ ಎಂಜಿನ್ ಕೂರುವ ಜಾಗಕ್ಕೂ ಹೋಗುತ್ತದೆ. ಆಗ ಉಳಿದದ್ದು ಕವಚ, ಬಿರಿದದ್ದು ಎಂಜಿನ್ನಿನ ಕಿವಿ.

ಹಾಕಿಸುವಾಗ ನೋಡಬೇಕಾದದ್ದು

1. ನಿಮ್ಮ ಗಾಡಿಯ ಮಾದರಿಗೆಂದೇ ಮಾಡಿದ್ದನ್ನು ಕೊಳ್ಳಿ. "ಎಲ್ಲದಕ್ಕೂ ಕೂರುತ್ತದೆ" ಎಂದು ಕೊಡುವ ಗಾರ್ಡು ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ.

2. ಚಾಸಿಗೆ ವೆಲ್ಡಿಂಗ್ ಮಾಡಿಸಲೇಬೇಡಿ. ನಮ್ಮ ಊರುಗಳ ವೆಲ್ಡಿಂಗ್ ಶಾಪಿನವರು ನೇಗಿಲು, ಕುಂಟೆ, ಟ್ರಾಲಿಯನ್ನು ಚೆನ್ನಾಗಿ ಮಾಡುತ್ತಾರೆ. ಬೈಕಿನ ತೆಳು ಪೈಪಿನ ಕತೆ ಬೇರೆ. ಶಾಖ ತಾಗಿದ ಕಡೆ ಅದು ಬಲ ಕಳೆದುಕೊಂಡು ಮುಂದೆ ಅಲ್ಲಿಯೇ ಬಿರಿಯುತ್ತದೆ.

3. ಗಾರ್ಡಿನ ಜೊತೆ ಬರುವ ಉದ್ದನೆಯ ಬೋಲ್ಟು ಕಂಪನಿಯ ಬೋಲ್ಟಿನಷ್ಟೇ ಗಟ್ಟಿಯಾಗಿರಬೇಕು. ಬೋಲ್ಟಿನ ತಲೆಯ ಮೇಲೆ ಅಚ್ಚಾದ ದರ್ಜೆಯ ಅಂಕಿಯನ್ನು ಹಳೆಯದರ ಜೊತೆ ಹೋಲಿಸಿ ನೋಡಿ.

4. ಎಂಜಿನ್ ಬೋಲ್ಟುಗಳನ್ನು ಒಟ್ಟಿಗೆ ಬಿಚ್ಚಬಾರದು. ಎಂಜಿನ್ನಿನ ಕೆಳಗೆ ಆಸರೆ ಕೊಟ್ಟು ಒಂದೊಂದಾಗಿ ಬಿಚ್ಚಿ ಹಾಕಬೇಕು. ಕಂಪನಿ ಹೇಳಿದ ಬಿಗಿತಕ್ಕೆ ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು.

5. ಹಾಕಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂದಿನ ಫೋರ್ಕನ್ನು ಒತ್ತಿ ನೋಡಿ. ಚಕ್ರ, ಮಡ್‌ಗಾರ್ಡ್, ಬ್ರೇಕಿನ ಪೈಪು, ವಯರು ಯಾವುದೂ ತಾಗಬಾರದು. ಕಾಲು ಬ್ರೇಕಿಗೂ ಗೇರಿಗೂ ಅಡ್ಡಿಯಿಲ್ಲದೆ ಹೋಗಬೇಕು.

6. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಬಿಗಿತವನ್ನು ಮತ್ತೆ ನೋಡಿಸಿ. ಒಂದು ಸಲ ಜೋರಾಗಿ ಬಿದ್ದರೆ ಗುಂಡನ್ನೂ ಬೋಲ್ಟನ್ನೂ ಬದಲಿಸಿ. ಕಣ್ಣಿಗೆ ಕಾಣದಂತೆ ಬಾಗಿದ ಬೋಲ್ಟು ಮುಂದಿನ ಸಲ ಕೈಕೊಡುತ್ತದೆ.

ಗಾರ್ಡು ಮಾಡಲಾರದ ಕೆಲಸ

ಗಾರ್ಡು ಕಾಲನ್ನು ಕಾಯುತ್ತದೆ ಎಂಬ ನಂಬಿಕೆ ಹಳೆಯದು. ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಸಂಶೋಧಕರು 900 ಮೋಟರ್ ಸೈಕಲ್ ಅಪಘಾತಗಳನ್ನು ಪರಿಶೀಲಿಸಿ 1981ರಲ್ಲಿ ಪ್ರಕಟಿಸಿದ ಹರ್ಟ್ ವರದಿ ಈ ನಂಬಿಕೆಯನ್ನು ಒರೆಗೆ ಹಚ್ಚಿತು. ಗಾರ್ಡು ಇದ್ದ ಗಾಡಿಗಳಲ್ಲಿ ಪಾದ ಮತ್ತು ಹರಡಿನ ಗಾಯ ಕಡಿಮೆಯಾಗಿತ್ತು. ಆದರೆ ಮೊಣಕಾಲು, ಮೀನಖಂಡ, ತೊಡೆಯ ಗಾಯ ಅಷ್ಟೇ ಹೆಚ್ಚಾಗಿತ್ತು. ಒಟ್ಟು ಲೆಕ್ಕದಲ್ಲಿ ಸವಾರನಿಗೆ ಲಾಭವಿರಲಿಲ್ಲ. ಇನ್ನು ಸ್ಪೋರ್ಟ್ಸ್ ಬೈಕಿನ ಚಿಕ್ಕ ಗುಂಡು ಸವಾರನ ಕಾಲಿಗೆ ಆಸರೆಯಾಗುವ ಮಾತೇ ಇಲ್ಲ.

ನಮ್ಮ ರಸ್ತೆಗಳನ್ನೂ ನೆನೆಯಿರಿ. ಸ್ಲೈಡರ್ ಹುಟ್ಟಿದ್ದು ನುಣುಪಾದ ರೇಸಿನ ರಸ್ತೆಗೆ. ಅಲ್ಲಿ ಬಿದ್ದ ಗಾಡಿ ಜಾರಿಕೊಂಡು ಹೋಗಿ ನಿಲ್ಲುತ್ತದೆ. ಆಲೂರಿನಿಂದ ಆದೋನಿ, ಎಮ್ಮಿಗನೂರು, ಮಂತ್ರಾಲಯದ ಕಡೆ ಹೋಗುವ ಹೆದ್ದಾರಿ ಬಿಟ್ಟು ಕೋಸಿಗಿಗೋ ಕೌತಾಳಕ್ಕೋ ಹೊಳಗುಂದಕ್ಕೋ ತಿರುಗಿದರೆ ಗುಂಡಿ, ಕಿತ್ತ ಅಂಚು, ಬಣ್ಣ ಬಳಿಯದ ಉಬ್ಬು ಎದುರಾಗುತ್ತವೆ. ಹೊರಚಾಚಿದ ಗುಂಡು ಇಂಥ ಕಡೆ ಸಿಕ್ಕಿಕೊಂಡರೆ ಜಾರಬೇಕಾದ ಗಾಡಿ ಪಲ್ಟಿ ಹೊಡೆಯುತ್ತದೆ. ಮಳೆಯಾದ ಮರುದಿನ ಟ್ರ್ಯಾಕ್ಟರಿನ ಗಾಲಿ ಎರೆ ಹೊಲದ ಕೆಸರನ್ನು ಡಾಂಬರಿನ ಮೇಲೆ ಬಳಿದು ಹೋಗಿರುತ್ತದೆ. ಸುಗ್ಗಿಯಲ್ಲಿ ಜೋಳ, ನವಣೆ, ಮೆಣಸಿನಕಾಯಿಯನ್ನು ರಸ್ತೆಯಲ್ಲೇ ಹರವಿ, ಗಾಡಿಗಳು ಹತ್ತದಿರಲೆಂದು ಸುತ್ತ ಕಲ್ಲಿಡುತ್ತೇವೆ. ರಾತ್ರಿ ಹತ್ತಿ ತುಂಬಿದ ಟ್ರಾಲಿ ಹಿಂದೆ ದೀಪವಿಲ್ಲದೆ ಹೋಗುತ್ತದೆ. ಇವು ಯಾರೋ ಮಾಡುವ ತಪ್ಪುಗಳಲ್ಲ, ನಾವೇ ಮಾಡುವಂಥವು. ಬೇರೆಯವರ ಮಗ ಬೀಳುವ ಕಲ್ಲನ್ನು ರಸ್ತೆಯಲ್ಲಿಟ್ಟು ನಮ್ಮ ಮಗನ ಗಾಡಿಗೆ ಗಾರ್ಡು ಕಟ್ಟಿಸಿದರೆ ಅದು ನ್ಯಾಯವೇ?

ಹಣ ಯಾವುದಕ್ಕೆ ಮೊದಲು?

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50,029. ಇದು ಕೇಂದ್ರ ಸರ್ಕಾರದ ಸಾರಿಗೆ ಇಲಾಖೆ ಕೊಟ್ಟ ಲೆಕ್ಕ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೆಲ್ಮೆಟ್ಟಿನಿಂದ ಸಾವಿನ ಅಪಾಯ ಸುಮಾರು ಶೇಕಡಾ 42ರಷ್ಟು, ತಲೆಗಾಯದ ಅಪಾಯ ಶೇಕಡಾ 69ರಷ್ಟು ತಗ್ಗುತ್ತದೆ ಎಂದು ಕಂಡಿದ್ದಾರೆ. ಬೈಕಿಗೆ ಕಟ್ಟುವ ಯಾವ ಕಬ್ಬಿಣಕ್ಕೂ ಇಂಥ ಸಾಕ್ಷಿ ಇಲ್ಲ.

ಆದ್ದರಿಂದ ಮೊದಲ ಹಣ ಹೆಲ್ಮೆಟ್ಟಿಗೆ: ಮುಖ ಪೂರ್ತಿ ಮುಚ್ಚುವ, ಐಎಸ್‌ಐ ಗುರುತಿರುವ ಹೆಲ್ಮೆಟ್ಟು. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ್ದನ್ನು ಮಾರುವುದೇ ಅಪರಾಧ. ಗಲ್ಲದ ಪಟ್ಟಿ ಹಾಕದಿದ್ದರೆ ಹೆಲ್ಮೆಟ್ಟು ಮೊದಲು ಹಾರುತ್ತದೆ, ತಲೆ ಆಮೇಲೆ ಬೀಳುತ್ತದೆ. ಒಂದು ಸಲ ಬಿದ್ದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು. ಎರಡನೆಯ ಹಣ ಟೈರಿಗೂ ಬ್ರೇಕಿಗೂ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಅದರ ದೀಪ ಹೊತ್ತಿಯೇ ಇದ್ದರೆ ಕೂಡಲೇ ತೋರಿಸಿ. ಸವೆದ ಟೈರಿಗೆ ಎಬಿಎಸ್ ಇದ್ದರೂ ಕೆಸರಿನಲ್ಲಿ ಹಿಡಿತ ಸಿಗದು. ಮೂರನೆಯದು ಕೈಗೆ ಗ್ಲೌಸು, ಕಾಲಿಗೆ ಹರಡು ಮುಚ್ಚುವ ಷೂ. ಚಪ್ಪಲಿಯಲ್ಲಿ ಸ್ಪೋರ್ಟ್ಸ್ ಬೈಕು ಓಡಿಸುವವನ ಪಾದವನ್ನು ಯಾವ ಗಾರ್ಡೂ ಉಳಿಸಲಾರದು. ಇಷ್ಟಾದ ಮೇಲೆ ಹಣ ಮಿಕ್ಕರೆ ಸ್ಲೈಡರ್ ಹಾಕಿಸಿ, ಬೇಡವೆನ್ನುವುದಿಲ್ಲ.

ತಾಯಂದಿರ ಪರವಾಗಿಯೂ ಒಂದು ಮಾತು. ಮುಂದೆ ಸ್ಲೈಡರ್ ಹಾಕಿಸುವ ಹುಡುಗನೇ ಅಂದ ಕೆಡುತ್ತದೆಂದು ಹಿಂದಿನ ಸೀರೆ ಗಾರ್ಡನ್ನು ಕಿತ್ತು ಮೂಲೆಗೆ ಎಸೆಯುತ್ತಾನೆ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಆಸರೆ, ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹೇಳುತ್ತದೆ. ಭಾನುವಾರ ಬಲಿಪೂಜೆಗೆ ಅದೇ ಗಾಡಿಯಲ್ಲಿ ಅಡ್ಡ ಕೂತು ಬರುವ ತಾಯಿಯ ಸೆರಗು ಚೈನಿಗೆ ಸಿಕ್ಕರೆ? ಪ್ಲಾಸ್ಟಿಕ್ಕಿಗೆ ಗೀರು ಬೀಳದಂತೆ ಕಾಯುವವನು ತಾಯಿಯನ್ನು ಕಾಯಬೇಡವೇ?

ಹದಿನೆಂಟು ತುಂಬದ ಮಗನ ಕೈಗೆ ಇಂಥ ಗಾಡಿಯ ಕೀಲಿ ಕೊಡುವ ತಂದೆಗೂ ಹೇಳಬೇಕಾದ್ದಿದೆ. 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ದಂಡದ ಭಯಕ್ಕಿಂತ ದೊಡ್ಡ ಭಯ ಯಾವುದೆಂದು ತಂದೆಗೇ ಗೊತ್ತು.

ಬಿದ್ದ ಮೇಲೆ

2025ರ ಅಕ್ಟೋಬರ್ 24ರ ನಸುಕಿನಲ್ಲಿ ನಮ್ಮ ಜಿಲ್ಲೆಯ ಚಿನ್ನಟೇಕೂರಿನ ಬಳಿ ಏನಾಯಿತೆಂದು ನೀವೆಲ್ಲ ಬಲ್ಲಿರಿ. ಒಂದು ಬೈಕು ಡಿವೈಡರಿಗೆ ಬಡಿದು ಸವಾರ ಸತ್ತ. ಅವನು ಕುಡಿದಿದ್ದನೆಂದು ಪರೀಕ್ಷೆಯಲ್ಲಿ ತಿಳಿಯಿತು. ಬೈಕು ಹೆದ್ದಾರಿಯಲ್ಲೇ ಬಿದ್ದಿತ್ತು. ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸು ಅದರ ಮೇಲೆ ಹಾದು ಎಳೆದುಕೊಂಡು ಹೋಯಿತು. ಬೆಂಕಿ ಎದ್ದಿತು. ಬಸ್ಸಿನಲ್ಲಿದ್ದ 19 ಮಂದಿ ಬೆಂದು ಸತ್ತರು. ಆ ಬೈಕಿಗೆ ಎಂಥ ಗಾರ್ಡು ಇದ್ದಿದ್ದರೂ ಇದು ತಪ್ಪುತ್ತಿರಲಿಲ್ಲ. ಕುಡಿಯದೆ ಇದ್ದಿದ್ದರೆ ತಪ್ಪಬಹುದಿತ್ತು. ಒಬ್ಬನ ಅಜಾಗರೂಕತೆ ಅವನೊಬ್ಬನದಾಗಿ ಉಳಿಯುವುದಿಲ್ಲ.

ಅಪಘಾತ ಕಂಡರೆ ಮೊದಲು ಹಿಂದೆ ಬರುವ ಗಾಡಿಗಳಿಗೆ ಟಾರ್ಚ್ ಬೀಸಿ ಎಚ್ಚರಿಸಿ. ಇಬ್ಬರಿದ್ದರೆ ಒಬ್ಬರು ಗಾಯಾಳುವಿನ ಬಳಿ ಇರಿ, ಇನ್ನೊಬ್ಬರು ಬಿದ್ದ ಗಾಡಿಯನ್ನು ರಸ್ತೆಯಿಂದ ಸರಿಸಿ. 108ಕ್ಕೆ ಫೋನ್ ಮಾಡಿ. ರಕ್ತ ಸುರಿಯುವ ಕಡೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ. ಅರಿಸಿನ, ಕಾಫಿಪುಡಿ, ಮಣ್ಣು ಹಾಕಬೇಡಿ. ಪ್ರಜ್ಞೆ ಇಲ್ಲದವನಿಗೆ ನೀರು ಕುಡಿಸಬೇಡಿ. ಕುತ್ತಿಗೆ ಅಲುಗಿಸಬೇಡಿ, ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ಟನ್ನು ಎಳೆದು ತೆಗೆಯಬೇಡಿ. ಸಹಾಯ ಮಾಡಿದವರನ್ನು ಕಾಡದಂತೆ ಕಾನೂನೇ ರಕ್ಷಣೆ ಕೊಟ್ಟಿದೆ. 2025ರ ಮೇ 5ರಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ಮುಂಗಡ ಹಣವಿಲ್ಲದೆ ಸಿಗುತ್ತದೆ. ಒಳ್ಳೆಯ ಸಮಾರಿಯದವನ ಸಾಮತಿಯನ್ನು ಕೇಳಿ ಬೆಳೆದ ನಾವು ನೋಡಿಯೂ ನೋಡದಂತೆ ಹೋಗಬಾರದು.

ಮಾಳಿಗೆಯ ಕೈಗೋಡೆ

ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕೈಗೋಡೆ ಕಟ್ಟಬೇಕು, ಇಲ್ಲದಿದ್ದರೆ ಅಲ್ಲಿಂದ ಬಿದ್ದವನ ರಕ್ತದ ಹೊಣೆ ಆ ಮನೆಯ ಮೇಲೆ ಬರುತ್ತದೆ ಎಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ, 8ನೆಯ ವಚನ ಹೇಳುತ್ತದೆ. ಮಣ್ಣಿನ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸಿ, ಬೇಸಿಗೆಯಲ್ಲಿ ಅಲ್ಲೇ ಮಲಗುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಕೈಗೋಡೆ ಕಟ್ಟುವುದು ಗೋಡೆ ಉಳಿಯಲಿ ಎಂದಲ್ಲ, ಮಲಗಿದ ಮಕ್ಕಳು ಉಳಿಯಲಿ ಎಂದು. ಕುಡಿತದಿಂದಲೋ ವೇಗದ ಮೋಹದಿಂದಲೋ ರಸ್ತೆಯಲ್ಲಿ ತನ್ನ ಮತ್ತು ಪರರ ಜೀವವನ್ನು ಅಪಾಯಕ್ಕೆ ಒಡ್ಡುವುದು ಗಂಭೀರ ಅಪರಾಧವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ 2290ನೆಯ ಕಂಡಿಕೆಯಲ್ಲಿ ಬೋಧಿಸುತ್ತದೆ.

ಹೊಸ ಗಾಡಿ ತಂದಾಗ ಗುರುಗಳಿಂದ ಆಶೀರ್ವಾದ ಮಾಡಿಸುವುದು ನಮ್ಮಲ್ಲಿ ಒಳ್ಳೆಯ ರೂಢಿ. ಇನ್ನು ಮುಂದೆ ಗಾಡಿಯ ಜೊತೆಗೆ ಎರಡು ಹೆಲ್ಮೆಟ್ಟುಗಳನ್ನೂ ತಂದು ಗುರುಗಳ ಮುಂದಿಡೋಣ. ಹಾಗೆಯೇ ರಸ್ತೆಯ ಮೇಲೆ ಕಾಳು ಒಣಗಿಸುವುದನ್ನು ನಿಲ್ಲಿಸೋಣ. ಟ್ರಾಲಿಯ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸೋಣ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ದಾರಿಹೋಕರ ಪಾಲಕ ಸಂತ ಕ್ರಿಸ್ಟೋಫರರು ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಲಿ. ನಮ್ಮ ಪಾಲಿನ ಕೆಲಸವನ್ನು ನಾವು ಮಾಡೋಣ.