ಕೊರೊನಾ ಇನ್ನು ನಮ್ಮ ಬದುಕಿನ ಖಾಯಂ ಭಾಗವೇ?

ಮಂಗಳೂರಿನ ಬಲ್ಮಠ ರಸ್ತೆಯ ಆಚೀಚೆ ವಾಸವಾಗಿರುವ ಇಬ್ಬರು ಈ ಪ್ರಶ್ನೆಗೆ ಉತ್ತರ ಬರೆದಿದ್ದಾರೆ. ಒಬ್ಬರು ವೈದ್ಯರು, ಇನ್ನೊಬ್ಬರು ನಿವೃತ್ತ ಶಾಲಾ ಶಿಕ್ಷಕಿ. ವೈದ್ಯರ ಬರಹವನ್ನು ಓದಿದ ಮೇಲೆ ಶಿಕ್ಷಕಿ ಬರೆದರು. ಅದನ್ನು ಓದಿದ ವೈದ್ಯರಿಗೆ ಇನ್ನೂ ಸ್ವಲ್ಪ ಹೇಳಲಿಕ್ಕಿತ್ತು.

ಪರ

"ಕೊರೊನಾ ಹೋಯಿತಲ್ಲ ಡಾಕ್ಟ್ರೇ?" ಎಂದು ಕೇಳುವವರು ಈಗಲೂ ಇದ್ದಾರೆ. ಹೋಗಿಲ್ಲ, ಹೋಗುವುದೂ ಇಲ್ಲ. ಮಳೆಗಾಲ ಹಿಡಿದರೆ ಸಾಕು, ಜ್ಯೋತಿ ಸರ್ಕಲ್‌ನಿಂದ ಬೆಂದೂರ್‌ವೆಲ್‌ವರೆಗಿನ ಕ್ಲಿನಿಕ್‌ಗಳ ಬೆಂಚುಗಳು ಜ್ವರ, ಕೆಮ್ಮು, ಗಂಟಲುನೋವಿನವರಿಂದ ತುಂಬುತ್ತವೆ. ಅವರಲ್ಲಿ ಕೆಲವರಿಗಾದರೂ ಇರುವುದು ಇದೇ ವೈರಸ್. ಹೆಚ್ಚಿನವರು ಪರೀಕ್ಷೆ ಮಾಡಿಸಿಕೊಳ್ಳುವುದಿಲ್ಲ, ನಾವೂ ಒತ್ತಾಯಿಸುವುದಿಲ್ಲ. 2020ರ ಮಾರ್ಚ್‌ನಲ್ಲಿ ಬಂಟ್ವಾಳ ತಾಲೂಕಿನ ಒಂದು ಹಸುಗೂಸಿಗೆ ಸೋಂಕು ತಗಲಿದೆಯೆಂದು ಇಡೀ ಊರಿನ ದಾರಿಯನ್ನೇ ಮುಚ್ಚಿದ್ದರು. ವೆನ್‌ಲಾಕ್ ಆಸ್ಪತ್ರೆಯಲ್ಲಿದ್ದ ಇತರ ರೋಗಿಗಳನ್ನು ಬೇರೆಡೆಗೆ ಸಾಗಿಸಿ ಅದನ್ನು ಕೋವಿಡ್ ಆಸ್ಪತ್ರೆಯಾಗಿ ಮಾಡಿದ್ದೂ ಆಗಲೇ. ಅದೇ ಸೋಂಕು ಈಗ ಮೂರು ದಿನದ ಪ್ಯಾರಾಸಿಟಮಾಲ್, ಗಂಜಿ, ವಿಶ್ರಾಂತಿಯಲ್ಲಿ ಮುಗಿಯುತ್ತಿದೆ. ವೈರಸ್ಸೂ ಬದಲಾಗಿದೆ, ನಮ್ಮ ದೇಹವೂ ಅದನ್ನು ಗುರುತಿಸಲು ಕಲಿತಿದೆ. ಇಬ್ಬರೂ ಒಂದೇ ಮನೆಯಲ್ಲಿ ಉಳಿದಿದ್ದೇವೆ ಅಷ್ಟೆ.

ಮನುಷ್ಯರ ಸೋಂಕುರೋಗಗಳಲ್ಲಿ ಪೂರ್ತಿ ತೊಲಗಿದ್ದು ಸಿಡುಬು ಒಂದೇ. ಭಾರತದಲ್ಲಿ ಅದರ ಕೊನೆಯ ಪ್ರಕರಣ 1975ರದ್ದು. ಜಗತ್ತೇ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ. ಅದು ಹೇಗೆ ಸಾಧ್ಯವಾಯಿತು ಎಂದು ನೋಡಿ. ಸಿಡುಬಿಗೆ ಪ್ರಾಣಿಗಳಲ್ಲಿ ನೆಲೆ ಇರಲಿಲ್ಲ. ರೋಗಿಯ ಮುಖ ನೋಡಿದರೇ ರೋಗ ಗೊತ್ತಾಗುತ್ತಿತ್ತು. ಒಮ್ಮೆ ಬಂದು ಬದುಕಿದವರಿಗೆ ಮತ್ತೆ ಬರುವುದು ಬಹಳ ಅಪರೂಪವಾಗಿತ್ತು. ಕೊರೊನಾದಲ್ಲಿ ಇವೆಲ್ಲ ತಿರುಗುಮುರುಗು. ರೋಗಲಕ್ಷಣ ಕಾಣುವ ಮೊದಲೇ ಹರಡುತ್ತದೆ. ಲಸಿಕೆ ಹಾಕಿಸಿಕೊಂಡರೂ, ಒಮ್ಮೆ ಬಂದುಹೋಗಿದ್ದರೂ, ಕೆಲವು ತಿಂಗಳಲ್ಲಿ ಸೋಂಕು ತಡೆಯುವ ಶಕ್ತಿ ಇಳಿಯುತ್ತದೆ. ಡೆನ್ಮಾರ್ಕ್‌ನ ಮಿಂಕ್ ಸಾಕಣೆ ಕೇಂದ್ರಗಳಿಗೂ ಅಮೆರಿಕದ ಕಾಡಿನ ಜಿಂಕೆಗಳಿಗೂ ಅದು ಹೊಕ್ಕಿದೆ. ಮನುಷ್ಯರಿಗೆಲ್ಲ ಲಸಿಕೆ ಹಾಕಿ ಮುಗಿಸಿದೆವು ಎಂದೇ ಇಟ್ಟುಕೊಳ್ಳಿ, ಜಿಂಕೆಗಳಿಗೆ ಯಾರು ಹಾಕುತ್ತಾರೆ?

ಇದರ ಬಂಧುಗಳು ನಮ್ಮೊಡನೆ ಮೊದಲೇ ಇದ್ದವು ಎಂಬುದನ್ನೂ ಜನ ತಿಳಿಯಬೇಕು. ನೆಗಡಿ ತರುವ ನಾಲ್ಕು ಕೊರೊನಾ ವೈರಸ್‌ಗಳು ಮನುಷ್ಯರಲ್ಲಿ ಸುತ್ತುತ್ತಲೇ ಇವೆ. ಶಾಲೆಗೆ ಸೇರುವ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಅವುಗಳ ಪರಿಚಯ ಆಗಿರುತ್ತದೆ. ಅವುಗಳಲ್ಲಿ ಒಸಿ43 ಎಂಬುದು ಹಸುಗಳ ವೈರಸ್‌ನಿಂದ ಹೊರಟು 1890ರ ಆಸುಪಾಸಿನಲ್ಲಿ ಮನುಷ್ಯರಿಗೆ ಬಂದಿರಬೇಕೆಂದು ಒಂದು ಅಂದಾಜು ಇದೆ. 1889ರಲ್ಲಿ ಜಗತ್ತನ್ನು ಸುತ್ತಿದ ಮಹಾಮಾರಿ ಅದೇ ಇರಬಹುದೆಂದು ಶಂಕಿಸುವ ವಿಜ್ಞಾನಿಗಳಿದ್ದಾರೆ. ಅದು ಸಾಬೀತಾದ ಮಾತಲ್ಲ. ಇನ್‌ಫ್ಲುಯೆಂಜಾದ ಕತೆಯಲ್ಲಿ ಮಾತ್ರ ಅನುಮಾನವಿಲ್ಲ. 1918ರಲ್ಲಿ ಬೊಂಬಾಯಿಗೆ ಬಂದಿಳಿದು ಈ ದೇಶದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ಕೊಂದ ಜ್ವರದ ಸಂತತಿ 2009ರ ಹಂದಿಜ್ವರದ ವೈರಸ್‌ನಲ್ಲೂ ಇತ್ತು. 2009ರ ಜೂನ್‌ನಲ್ಲಿ ಅದನ್ನು ಸಾಂಕ್ರಾಮಿಕವೆಂದು ಸಾರಿದರು, 2010ರ ಆಗಸ್ಟ್‌ನಲ್ಲಿ ಮುಗಿಯಿತೆಂದರು. ವೈರಸ್ ಮುಗಿಯಲಿಲ್ಲ. ಎಚ್1ಎನ್1 ಇಂದು ಸಾಮಾನ್ಯ ಫ್ಲೂಗಳಲ್ಲಿ ಒಂದು.

ಕೊರೊನಾ ಹಿಡಿದಿರುವುದೂ ಇದೇ ದಾರಿ. 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇರಳದಲ್ಲಿ ಜೆಎನ್.1 ಎಂಬ ರೂಪಾಂತರಿ ಕಂಡಿತು. ನಮ್ಮ ರಾಜ್ಯದಲ್ಲಿ ಅರವತ್ತು ದಾಟಿದವರಿಗೆ ಮಾಸ್ಕ್ ಹಾಕಿಕೊಳ್ಳಿ ಎಂದರು. 2025ರ ಮೇಯಲ್ಲಿ ಮತ್ತೊಂದು ಸಣ್ಣ ಏರಿಕೆ ಬಂತು. ಇನ್ನೂ ಬರುತ್ತವೆ. ಇದನ್ನು ಒಪ್ಪಿಕೊಂಡ ಸಮಾಜ ಪ್ರತಿ ಏರಿಕೆಗೂ ಬೆಚ್ಚುವುದಿಲ್ಲ. ವಯಸ್ಸಾದವರಿಗೆ, ಮಧುಮೇಹ ಮತ್ತು ಮೂತ್ರಪಿಂಡದ ತೊಂದರೆ ಇರುವವರಿಗೆ ಏನು ಮಾಡಬೇಕೋ ಅದನ್ನು ಮಾಡುತ್ತದೆ, ಉಳಿದವರನ್ನು ದುಡಿಯಲು ಬಿಡುತ್ತದೆ.

ವಿರೋಧ

ಡಾಕ್ಟ್ರು ಹೇಳಿದ ವಿಜ್ಞಾನದಲ್ಲಿ ನಾನು ತಪ್ಪು ಹುಡುಕುವುದಿಲ್ಲ. ವೈರಸ್ ಭೂಮಿಯ ಮೇಲೆ ಉಳಿಯುತ್ತದೆ ಎಂಬುದು ಬೇರೆ, ನಮ್ಮ ಬದುಕಿನ ಭಾಗವಾಗುತ್ತದೆ ಎಂಬುದು ಬೇರೆ. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದನ್ನು ನಾವು ಒಪ್ಪಿದರೆ ಮಾತ್ರ ಅದು ನಡೆಯುತ್ತದೆ. ನಾನು ಒಪ್ಪುವುದಿಲ್ಲ.

ಈ ಊರಿನಲ್ಲಿ ಇಂಥದೇ ಮಾತನ್ನು ಇನ್ನೊಂದು ರೋಗದ ಬಗ್ಗೆ ವರ್ಷಗಟ್ಟಲೆ ಕೇಳಿದವಳು ನಾನು. 1990ರ ದಶಕದಿಂದ ಮಂಗಳೂರು ಎಂದರೆ ಮಲೇರಿಯಾ ಎಂಬಂತಾಯಿತು. ಬಲ್ಮಠ, ಕಂಕನಾಡಿ, ಕದ್ರಿ, ಎಲ್ಲಿ ನೋಡಿದರೂ ಹಂಚಿನ ಮನೆ ಕೆಡವಿ ಬಹುಮಹಡಿ ಕಟ್ಟಡ ಏಳುತ್ತಿತ್ತು. ಕಾಂಕ್ರೀಟಿಗೆ ಕಟ್ಟಿ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಟ್ಯಾಂಕ್, ಬಳಕೆ ತಪ್ಪಿದ ಬಾವಿ. ಮಲೇರಿಯಾ ಹರಡುವ ಸೊಳ್ಳೆ ಇಲ್ಲಿ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಬಾಗಲಕೋಟೆ, ಗದಗದ ಕಡೆಯಿಂದ, ಆಮೇಲೆ ಉತ್ತರ ಭಾರತದಿಂದ ಬಂದ ಕಾರ್ಮಿಕರು ಅದೇ ಕಟ್ಟಡದ ಕೆಳಗೆ ಸೊಳ್ಳೆಪರದೆ ಇಲ್ಲದೆ ಮಲಗುತ್ತಿದ್ದರು. ವರ್ಷಕ್ಕೆ ಸಾವಿರಗಟ್ಟಲೆ ಪ್ರಕರಣ. ನನ್ನ ತರಗತಿಯಲ್ಲಿ ಮಕ್ಕಳು ಮಲೇರಿಯಾ ಅಂತ ರಜೆ ಹಾಕದ ಮಳೆಗಾಲವೇ ಇರಲಿಲ್ಲ. "ಮಂಗಳೂರಲ್ಲಿ ಇದ್ದ ಮೇಲೆ ಮಲೇರಿಯಾ ಬಾರದೆ ಇರ್ತದಾ ಟೀಚರ್?" ಎಂದು ತಾಯಂದಿರೇ ನನ್ನನ್ನು ಕೇಳುತ್ತಿದ್ದರು.

2015ರಲ್ಲಿ ಮಹಾನಗರ ಪಾಲಿಕೆ ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ ಕೊಟ್ಟಿತು. ಲ್ಯಾಬಿನಲ್ಲಿ ಒಂದು ರಕ್ತಪರೀಕ್ಷೆ ಪಾಸಿಟಿವ್ ಬಂದರೆ ಸುದ್ದಿ ಆ ವಾರ್ಡಿನ ಕಾರ್ಯಕರ್ತರಿಗೆ ಹೋಗುತ್ತಿತ್ತು. ಅವರು ಮನೆಗೆ ಬರುವರು, ಸುತ್ತಮುತ್ತ ನಿಂತ ನೀರು ಹುಡುಕುವರು, ರೋಗಿ ಮಾತ್ರೆಯನ್ನು ಕೊನೆತನಕ ನುಂಗಿದರೋ ಇಲ್ಲವೋ ಎಂದು ವಿಚಾರಿಸುವರು. ದೊಡ್ಡ ಔಷಧವೇನೂ ಹೊಸದಾಗಿ ಬಂದದ್ದಲ್ಲ. ಬಂದ ಪ್ರತಿ ಪ್ರಕರಣದ ಹಿಂದೆ ಒಬ್ಬ ಮನುಷ್ಯ ಹೋಗತೊಡಗಿದ. ಮುಂದಿನ ವರ್ಷಗಳಲ್ಲಿ ಪ್ರಕರಣಗಳು ಬಿದ್ದ ವೇಗ ನೋಡಿ ಆರೋಗ್ಯ ಇಲಾಖೆಯವರೇ ಹೊರಗಿನವರಿಗೆ ಮಂಗಳೂರಿನ ಮಾದರಿಯ ಬಗ್ಗೆ ಹೇಳುವಂತಾಯಿತು. ಮಲೇರಿಯಾ ವೈರಸ್ ಅಲ್ಲ, ಗೊತ್ತಿದೆ. ಆದರೂ ಊರಿನ ಹಣೆಬರಹ ಎಂದುಕೊಂಡದ್ದು ಮುಚ್ಚಳವಿಲ್ಲದ ಟ್ಯಾಂಕಿನ ವಿಷಯವಾಗಿತ್ತು.

ವೈರಸ್‌ಗಳ ಲೆಕ್ಕವೇ ಬೇಕಾದರೆ ಅದೂ ಇದೆ. ಕೊರೊನಾದ ಅಣ್ಣನಂತಿದ್ದ ಸಾರ್ಸ್ 2003ರಲ್ಲಿ ಎಂಟು ಸಾವಿರದಷ್ಟು ಜನರಿಗೆ ತಗಲಿ, ರೋಗಿಗಳನ್ನು ಪ್ರತ್ಯೇಕಿಸಿದ್ದರಿಂದಲೇ ನಿಂತುಹೋಯಿತು. ದನಗಳನ್ನು ಹಟ್ಟಿಹಟ್ಟಿಯಲ್ಲಿ ಕೊಂದ ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ಹೋಯಿತು. ಯಮಗಾಟ ಎಂಬ ಒಂದು ಬಗೆಯ ಫ್ಲೂ ದಶಕಗಳ ಕಾಲ ಎಲ್ಲೆಡೆ ಸುತ್ತಿ, 2020ರ ಮಾರ್ಚ್ ನಂತರ ಖಚಿತವಾಗಿ ಎಲ್ಲೂ ಕಾಣಿಸಿಲ್ಲ. ಫ್ಲೂ ಲಸಿಕೆಯಿಂದ ಅದನ್ನು ಕೈಬಿಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತು. ನಾವು ಮಾಸ್ಕ್ ಹಾಕಿದ್ದನ್ನು, ಪ್ರಯಾಣ ನಿಲ್ಲಿಸಿದ್ದನ್ನು ಅದು ತಾಳಲಾರದೆ ಹೋಯಿತು. ಖಾಯಂ ಎನ್ನುವುದು ಅಷ್ಟು ಗಟ್ಟಿಯಾದ ಮಾತಲ್ಲ ಡಾಕ್ಟ್ರೇ.

ನನ್ನ ನಿಜವಾದ ಭಯ ಬೇರೆ. "ಇದು ಇರುವುದೇ" ಎಂದು ಒಪ್ಪಿಕೊಂಡ ಕೂಡಲೇ ಸಾವಿಗೂ ಅದೇ ಮಾತು ಅಂಟಿಕೊಳ್ಳುತ್ತದೆ. 2021ರ ಮೇ ಮೊದಲ ವಾರ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ರೋಗಿಗಳು ತೀರಿಕೊಂಡರು. ಅಲ್ಲಿ ಮುಗಿದದ್ದು ಆಮ್ಲಜನಕ. ಅದಕ್ಕೂ ಒಂದು ವರ್ಷ ಮೊದಲು ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿದ್ದು, ಒಳದಾರಿಗಳಿಗೆ ಮಣ್ಣು ಸುರಿದದ್ದು ನೆನಪಿದೆಯಲ್ಲ? ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಆಸ್ಪತ್ರೆ ಎಂದರೆ ಮಂಗಳೂರೇ. ನಮ್ಮ ನೆಂಟರು ಇರುವುದೂ ಆ ಊರುಗಳಲ್ಲೇ. ಹೃದ್ರೋಗಿಗಳೂ ಡಯಾಲಿಸಿಸ್‌ನವರೂ ಗಡಿಯಿಂದ ಹಿಂದೆ ಹೋಗಬೇಕಾಯಿತು, ಹಲವರು ಸತ್ತರು. 2020ರ ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ ಮಾಡಿ, ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಆಮೇಲೆ ದಾರಿಯಾಯಿತು. ಅವರಲ್ಲಿ ಯಾರನ್ನೂ ವೈರಸ್ ಮುಟ್ಟಿರಲಿಕ್ಕಿಲ್ಲ. ಕಾಸರಗೋಡಿನ ತೆಕ್ಕಿಲ್‌ನಲ್ಲಿ ಟಾಟಾದವರು ಕಟ್ಟಿಕೊಟ್ಟ ಕೋವಿಡ್ ಆಸ್ಪತ್ರೆ ಕೆಲವೇ ವರ್ಷಗಳಲ್ಲಿ ಬಳಕೆಯಿಲ್ಲದೆ ನಿಂತಿತು. ವೈರಸ್ಸನ್ನು ಖಾಯಂ ಎಂದವರು ಆಸ್ಪತ್ರೆಯನ್ನು ತಾತ್ಕಾಲಿಕವಾಗಿ ಕಟ್ಟಿದರೆ ಹೇಗೆ?

ತುಳುನಾಡಿನ ಆಟಿ ತಿಂಗಳಲ್ಲಿ ಆಟಿ ಕಳೆಂಜ ಎಂಬ ವೇಷಧಾರಿ ಮನೆಮನೆಗೆ ಬಂದು ಮಾರಿಯನ್ನು ಆಚೆ ಕಳುಹಿಸುತ್ತಾನೆ. ಮುಂದಿನ ವರ್ಷ ಮತ್ತೆ ಬರುತ್ತಾನೆ. ಮಾರಿ ತಿರುಗಿ ಬರುತ್ತದೆಂದು ಹಿರಿಯರಿಗೆ ತಿಳಿಯದೇ ಇತ್ತೇ? ತಿಳಿದೂ ಪ್ರತಿ ಸಲ ಹೊರಗೆ ಹಾಕಿದರು. ನನಗೆ ಬೇಕಾದದ್ದೂ ಅದೇ. ಶಾಲೆ, ಬಸ್ಸು, ಕ್ಲಿನಿಕ್‌ಗಳ ಒಳಗೆ ಗಾಳಿ ಆಡುವಂತೆ ಮಾಡಿ. ಎಸಿ ಹಾಕಿ ಕಿಟಕಿಗೆ ಗಾಜು ಬಡಿದ ಟ್ಯೂಷನ್ ಕೊಠಡಿಗಳನ್ನು ಮಲೇರಿಯಾ ಕಾಲದ ನೀರಿನ ಟ್ಯಾಂಕ್‌ಗಳಂತೆ ಹೋಗಿ ನೋಡಿ. ಜ್ವರವಿದ್ದ ಕೂಲಿಯವರಿಗೆ ಸಂಬಳ ಕಡಿಯದೆ ರಜೆ ಕೊಡಿಸಿ.

ಪರ, ಮತ್ತೊಮ್ಮೆ

ಟೀಚರ್ ಕೊಟ್ಟ ಮಲೇರಿಯಾದ ಉದಾಹರಣೆ ನನಗೆ ಬಹಳ ಹಿಡಿಸಿತು. ಏಕೆಂದರೆ ಅದು ನನ್ನ ಕಡೆಯ ಸಾಕ್ಷಿ. ಮಳೆಗಾಲ ಬಂದಾಗ ಫಾಗಿಂಗ್ ಮಾಡಿ ಮರೆತಷ್ಟು ಕಾಲ ಮಲೇರಿಯಾ ಜಗ್ಗಲಿಲ್ಲ. ಇದು ಪ್ರತಿವರ್ಷ ಬರುವ ರೋಗ, ಪ್ರತಿದಿನದ ಕೆಲಸ ಬೇಕು ಎಂದು ಒಪ್ಪಿದ ಮೇಲೆ ಇಳಿಯಿತು. ತುರ್ತುಸ್ಥಿತಿಯ ಖರ್ಚು ಗಲಾಟೆಯಲ್ಲಿ ಹೋಗುತ್ತದೆ, ಖಾಯಂ ರೋಗಕ್ಕೆ ಬಜೆಟ್ಟಿನಲ್ಲಿ ಸಾಲು ಸಿಗುತ್ತದೆ. ಗಾಳಿಯ ವಿಷಯದಲ್ಲೂ ಕೂಲಿಯವರ ರಜೆಯಲ್ಲೂ ನಾನು ಅವರ ಜೊತೆಗಿದ್ದೇನೆ. ನನ್ನ ಕ್ಲಿನಿಕ್ಕಿನ ಕಾಯುವ ಕೋಣೆಗೂ ಆ ಮಾತು ಅನ್ವಯಿಸುತ್ತದೆ.

ಯಮಗಾಟದ ಮಾತನ್ನು ಮಾತ್ರ ಒಪ್ಪಲಾರೆ. ಆ ಫ್ಲೂ ಮರೆಯಾದದ್ದು ಇಡೀ ಜಗತ್ತು ಬಾಗಿಲು ಹಾಕಿಕೊಂಡಾಗ. ಆ ಬಾಗಿಲಿನ ಒಳಗೆ ನಿಮ್ಮ ಮಕ್ಕಳೇ ಇದ್ದರಲ್ಲವೇ ಟೀಚರ್? ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಯವರು 2020ರ ಮಾರ್ಚ್‌ನಲ್ಲಿ ಮನೆಗೆ ಹೋದವರು, ಅವರ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಮೊಬೈಲ್ ಇಲ್ಲದ ಮನೆಗಳ ಮಕ್ಕಳು ಅಷ್ಟು ದಿನದಲ್ಲಿ ಕಲಿತ ಅಕ್ಷರವನ್ನೂ ಮರೆತರು. ಕೊರೊನಾವನ್ನು ಓಡಿಸುವೆವೆಂದು ಹೊರಟರೆ ಮೊದಲು ಮುಚ್ಚುವುದು ಶಾಲೆಯನ್ನೇ. ಇನ್ನೊಮ್ಮೆ ಹಾಗಾಗಬಾರದು ಎಂದೇ ನಾನು, ಇದು ಇಲ್ಲೇ ಇರುತ್ತದೆ, ಇದ್ದುಕೊಂಡೇ ಶಾಲೆ ನಡೆಸೋಣ ಎನ್ನುತ್ತಿರುವುದು.