ಅಹ್ಮದ್ ಖಾನ್ ಬಂದದ್ದು ಎಲ್ಲಿಂದ?

2025ರ ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಾಪುರದೆದುರು 1-2ರಿಂದ ಸೋತ ಭಾರತಕ್ಕೆ 2027ರ ಏಷ್ಯಾ ಕಪ್‌ನ ಬಾಗಿಲು ಮುಚ್ಚಿತು. ಇಷ್ಟು ದೊಡ್ಡ ದೇಶದಲ್ಲಿ ಹನ್ನೊಂದು ಮಂದಿ ಸಿಗಲ್ವಾ ಅಂತ ಎಲ್ಲರೂ ಕೇಳುತ್ತಿದ್ದೇವೆ. ಹಿಂದೆ ಸಿಕ್ಕಿದ್ದರಲ್ಲ!

ಬೆಂಗಳೂರಿನ ಅಹ್ಮದ್ ಖಾನ್ ಅವರನ್ನೇ ನೋಡೋಣ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿ, ಎರಡು ಪೆನಾಲ್ಟಿ ಕಳೆದುಕೊಂಡು ಫ್ರಾನ್ಸಿಗೆ 1-2ರಿಂದ ಸೋತ ತಂಡದಲ್ಲಿ ಅವರಿದ್ದರು. 1951ರಲ್ಲಿ ದೆಹಲಿಯಲ್ಲಿ ಇರಾನನ್ನು ಮಣಿಸಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಾಗಲೂ ಇದ್ದರು. ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಸೇರುವ ಮುನ್ನ ಅವರು ಆಡಿದ್ದು ಬೆಂಗಳೂರು ಮುಸ್ಲಿಮ್ಸ್ ಕ್ಲಬ್‌ಗೆ. 1937ರಲ್ಲೇ ಮುಂಬೈಯ ರೋವರ್ಸ್ ಕಪ್ ಗೆದ್ದ ಕ್ಲಬ್ ಅದು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರಲ್ಲಿ ಜಕಾರ್ತಾದಲ್ಲಿ ಮತ್ತೆ ಚಿನ್ನ; ಆಮೇಲೆ ಏಷ್ಯನ್ ಗೇಮ್ಸ್ ಫುಟ್ಬಾಲ್ ಚಿನ್ನ ಬಂದೇ ಇಲ್ಲ.

2023ರಲ್ಲಿ ಕಂಠೀರವದಲ್ಲಿ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಯಾಫ್ ಕಪ್ ಎತ್ತಿದಾಗ ನಾವೂ ಕುಣಿದೆವು. ಆ ತಂಡದ ಸಹಲ್, ಆಶಿಕ್ ಪಕ್ಕದ ಕೇರಳದ ಹುಡುಗರು. ಇತ್ತ ತುಂಗಾ ಡ್ಯಾಮಿನ ಗಾಜನೂರಿನಲ್ಲೊಬ್ಬ ಹುಡುಗ ಚೆನ್ನಾಗಿ ಆಡಿದರೂ ಮುಂದೆ ಎಲ್ಲಿಗೆ ಹೋಗಬೇಕು? ರಾತ್ರಿ ಟೂರ್ನಮೆಂಟಿನ ಲೈಟು, ಟ್ರೋಫಿಗೆ ಸುರಿಯುವ ದುಡ್ಡಲ್ಲಿ ಸ್ವಲ್ಪ ಉಳಿಸಿ, ಹತ್ತು-ಹನ್ನೆರಡರ ಮಕ್ಕಳಿಗೆ ವಾರಕ್ಕೆರಡು ದಿನ ಒಬ್ಬ ಕೋಚ್ ಇಡೋದು ನಮ್ಮ ಸಂಘಗಳಿಗೆ ಆಗದ ಕೆಲಸವೇನಲ್ಲ.