ಕವರಿನ ಮೇಲಿನ ಹಸಿರು ಪದಗಳು: ದಂಡ ಗಾಡಿಯವರಿಗೆ, ವಿನಾಯಿತಿ ಕಂಪನಿಗೆ

ಬಂಗಾರಪೇಟೆ ಪಾನಿಪುರಿಯ ನೀರಿಗೆ ಬಣ್ಣವಿಲ್ಲ, ಖಾರಕ್ಕೆ ಕೊರತೆಯಿಲ್ಲ. ಪಾರ್ಸೆಲ್ ಕೇಳಿದವರಿಗೆ ಗಾಡಿಯವರು ತೆಳು ಕ್ಯಾರಿಬ್ಯಾಗ್ ಕೊಟ್ಟರೆ ಅದು ಅಪರಾಧ. 2016ರ ಮಾರ್ಚ್ 11ರಂದೇ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕ್ಯಾರಿಬ್ಯಾಗ್, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿದೆ. ಎಷ್ಟು ಮೈಕ್ರಾನ್ ಅನ್ನೋ ಲೆಕ್ಕವೂ ಅಲ್ಲಿಲ್ಲ. ಆದರೆ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಸರದಂತೆ ತೂಗುವ ಚಿಪ್ಸ್ ಪ್ಯಾಕೆಟ್‌ಗೆ ಏನೂ ಆಗಲ್ಲ. ಫ್ಯಾಕ್ಟರಿಯಲ್ಲೇ ಸೀಲ್ ಆಗಿ ಬರುವ ಪ್ಯಾಕಿಂಗ್‌ಗೆ ಅದೇ ಆದೇಶ ವಿನಾಯಿತಿ ಕೊಟ್ಟಿದೆ.

ಈ ತಾರತಮ್ಯವನ್ನು ಮರೆಮಾಡುವುದು ಪ್ಯಾಕೆಟ್ ಮೇಲಿನ ‘ಪರಿಸರಸ್ನೇಹಿ’ ಪದಗಳು. ಅವನ್ನು ಒಂದೊಂದಾಗಿ ನೋಡೋಣ.

ಬಯೋಪ್ಲಾಸ್ಟಿಕ್: ಗಿಡದಿಂದ ಮಾಡಿದ್ದು ಅಂದ ಮಾತ್ರಕ್ಕೆ ಅದು ಕರಗುತ್ತೆ ಅಂತಲ್ಲ. ಕಬ್ಬಿನಿಂದ ತಯಾರಾದ ಪಾಲಿಥೀನ್ ಕೂಡ ಪಾಲಿಥೀನೇ, ಮಣ್ಣಲ್ಲಿ ಹಾಗೇ ಉಳಿಯುತ್ತೆ. ಪೆಟ್ರೋಲಿಯಂನಿಂದ ಬರುವ ಪಿಬಿಎಟಿ ಸರಿಯಾದ ಪರಿಸ್ಥಿತಿ ಸಿಕ್ಕರೆ ಕೊಳೆಯುತ್ತೆ.

ಕಾಂಪೋಸ್ಟಬಲ್: ಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಈ ಗುಂಪಿನದು. ಐಎಸ್/ಐಎಸ್‌ಒ 17088 ಮಾನದಂಡ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಎರಡೂ ಬೇಕು. ಅದು ಕೊಳೆಯೋದು ಸುಮಾರು 58 ಡಿಗ್ರಿ ಬಿಸಿ ಕಾಯ್ದುಕೊಳ್ಳುವ ದೊಡ್ಡ ಕಾಂಪೋಸ್ಟ್ ಘಟಕದಲ್ಲಿ. ರಾಬರ್ಟ್‌ಸನ್‌ಪೇಟೆಯ ಚರಂಡಿಗೆ ಬಿದ್ದರೆ ಅದೂ ಮಾಮೂಲಿ ಕವರಿನಂತೆ ನೀರು ಕಟ್ಟುತ್ತೆ.

ಬಟ್ಟೆಯಂಥ ಚೀಲ: ಅಂಗಡಿಗಳಲ್ಲಿ ಕೊಡುವ ನಾನ್‌ವೋವನ್ ಚೀಲ ಬಟ್ಟೆಯಲ್ಲ, ಪಾಲಿಪ್ರೊಪಿಲೀನ್. ಒಂದು ಎಳೆಗೆ ಬೆಂಕಿ ತಾಗಿಸಿ, ಹತ್ತಿಯಂತೆ ಬೂದಿಯಾಗದೆ ಕರಗಿ ಮುದ್ದೆಯಾಗುತ್ತೆ.

ರೀಸೈಕಲಬಲ್: ತ್ರಿಕೋನದೊಳಗಿನ 1ರಿಂದ 7ರವರೆಗಿನ ಅಂಕಿ ಹೇಳೋದು ಪ್ಲಾಸ್ಟಿಕ್‌ನ ಜಾತಿ ಮಾತ್ರ. 1 ಅಂದರೆ ಪೆಟ್ ಬಾಟಲಿ, 2 ಅಂದರೆ ಗಟ್ಟಿ ಡಬ್ಬಿಯ ಎಚ್‌ಡಿಪಿಇ. ನಿಜವಾದ ಪರೀಕ್ಷೆ ಗುಜರಿ ಅಂಗಡಿಯಲ್ಲಿ. ಬಾಟಲಿಗೆ ಅಲ್ಲಿ ಬೆಲೆ ಇದೆ, ಚಿಪ್ಸ್ ಪ್ಯಾಕೆಟ್‌ಗೆ ಇಲ್ಲ. ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರಗಳನ್ನು ಅಂಟಿಸಿದ ಆ ಬಹುಪದರ ಪ್ಯಾಕಿಂಗ್ ಬಿಡಿಸೋದು ದುಬಾರಿ. ಹಾಗಾಗಿ ಆಯುವವರು ಬಿಟ್ಟು ಹೋಗ್ತಾರೆ, ಕೊನೆಗೆ ಗುಡಿಸೋದು ಪೌರಕಾರ್ಮಿಕರು.

ಇನ್ನು ಇಪಿಆರ್, ಅಂದರೆ ಉತ್ಪಾದಕರ ವಿಸ್ತರಿತ ಹೊಣೆ. 2022ರ ಫೆಬ್ರವರಿಯ ನಿಯಮದ ಪ್ರಕಾರ ಮಾರುಕಟ್ಟೆಗೆ ಬಿಟ್ಟ ಪ್ಯಾಕಿಂಗ್‌ಗೆ ಲೆಕ್ಕ ಕೊಡಬೇಕಾದ್ದು ಕಂಪನಿ. ಆದರೆ ತನ್ನದೇ ಪ್ಯಾಕೆಟ್ ವಾಪಸ್ ಪಡೆಯಬೇಕಿಲ್ಲ. ದೇಶದ ಇನ್ನೆಲ್ಲೋ ಅದೇ ವರ್ಗದ ಪ್ಲಾಸ್ಟಿಕ್ ಸಂಸ್ಕರಿಸಿದವರಿಂದ ಸರ್ಟಿಫಿಕೇಟ್ ಕೊಂಡರೂ ಲೆಕ್ಕ ಚುಕ್ತಾ. 2023ರಲ್ಲಿ ಮಂಡಳಿಯ ತಪಾಸಣೆಯಲ್ಲಿ ಸುಮಾರು 6 ಲಕ್ಷ ನಕಲಿ ಸರ್ಟಿಫಿಕೇಟ್ ಸಿಕ್ಕವು. ಅವನ್ನು ಸೃಷ್ಟಿಸಿದ ಘಟಕಗಳಿದ್ದದ್ದು ಗುಜರಾತ್, ಮಹಾರಾಷ್ಟ್ರ ಮತ್ತು ನಮ್ಮದೇ ಕರ್ನಾಟಕದಲ್ಲಿ. ಸರ್ಟಿಫಿಕೇಟ್ ಅಸಲಿಯಾದರೂ ಆಂಡರ್‌ಸನ್‌ಪೇಟೆಯ ಮೋರಿಯಲ್ಲಿರುವ ಪ್ಯಾಕೆಟ್ ಕದಲಲ್ಲ.

ಕೆಜಿಎಫ್‌ಗೆ ಈ ಕತೆ ಹೊಸದಲ್ಲ. 1880ರಿಂದ ಜಾನ್ ಟೇಲರ್ ಕಂಪನಿ, ಆಮೇಲೆ ಸರ್ಕಾರ ಇಲ್ಲಿ ಚಿನ್ನ ತೆಗೆದವು. 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಮುಚ್ಚಿತು. ಚಿನ್ನ ಹೋಯ್ತು, ಸೈನೈಡ್ ಗುಡ್ಡ ಉಳಿಯಿತು. ಗಾಳಿ ಬೀಸಿದಾಗ ಆ ಧೂಳು ಕುಡಿಯೋದು ಕಾರ್ಮಿಕರ ಕಾಲೋನಿಗಳು. ಲಾಭ ಒಯ್ದವರು ಒಬ್ಬರು, ಕಸದ ಜೊತೆ ಬದುಕುವವರು ಇನ್ನೊಬ್ಬರು. ಚಿಪ್ಸ್ ಪ್ಯಾಕೆಟ್ ಇದೇ ಲೆಕ್ಕವನ್ನು ಐದು ರೂಪಾಯಿಯ ಅಳತೆಯಲ್ಲಿ ಮಾಡ್ತಿದೆ.

ಗಾಡಿಯವರು ಕವರ್ ಬಿಡಲಿ, ಸರಿ. ನಾವೂ ಡಬ್ಬಿ ಒಯ್ಯೋಣ. ಆದರೆ ಜವಾಬ್ದಾರಿ ಅಲ್ಲಿಗೇ ಮುಗಿದರೆ ಕಂಪನಿಗಳಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ. ರಾಬರ್ಟ್‌ಸನ್‌ಪೇಟೆ ನಗರಸಭೆ, ಬಂಗಾರಪೇಟೆ ಪುರಸಭೆಗೆ ಆರ್‌ಟಿಐ ಹಾಕಿ ಮೂರು ಪ್ರಶ್ನೆ ಕೇಳೋಣ: ವರ್ಷಕ್ಕೆ ಎಷ್ಟು ಬಹುಪದರ ಪ್ಯಾಕಿಂಗ್ ಸಂಗ್ರಹವಾಗ್ತಿದೆ? ಅದು ಎಲ್ಲಿಗೆ ಹೋಗ್ತಿದೆ? ಅದಕ್ಕೆ ಕಂಪನಿಗಳಿಂದ ಬಂದ ಹಣವೆಷ್ಟು? ಪಾನಿಪುರಿ ಗಾಡಿಯ ಮುಂದೆ ದಂಡದ ರಸೀದಿ ಹಿಡಿದು ನಿಲ್ಲುವ ಆಡಳಿತ ಇದಕ್ಕೂ ಉತ್ತರ ಕೊಡಬೇಕಲ್ಲವೇ?